ನಾಲ್ಕನೇ ತಂಡದ ಶನಿವಾರಗಳು

ಜೆಹಾ ಫುಟ್‌ಬಾಲ್ ಬಿಟ್ಟ ಮೇಲೆ ಆ ಮನೆಯಲ್ಲಿ ಅದರ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಟಿವಿಯಲ್ಲಿ ಪಂದ್ಯ ಬಂದರೆ ಅವನ ಅಪ್ಪ ದೊಕ್ಸುವೇ ಎದ್ದು ಚಾನೆಲ್ ಬದಲಿಸುತ್ತಿದ್ದ. ಕೊರಿಯಾದ ತೆಜೊನ್ ಊರು ಬಿಟ್ಟು ದೂರದೇಶದ ಕ್ರೈಸ್ಟ್‌ಚರ್ಚಿಗೆ ಹೊರಡುವಾಗ ಅಮ್ಮ ಮಿರಾನ್ ಮಗನ ಬೂಟುಗಳನ್ನು ಯಾರನ್ನೂ ಕೇಳದೆ ಪಕ್ಕದ ಮನೆಯ ಹುಡುಗನಿಗೆ ಕೊಟ್ಟುಬಿಟ್ಟಿದ್ದಳು.

ಹನ್ನೊಂದು ತುಂಬಿದ ವರ್ಷದಿಂದ ಹದಿನೈದರವರೆಗೆ ಜೆಹಾ ಬೆಳೆದದ್ದು ಆಟಗಾರರ ಹಾಸ್ಟೆಲಿನಲ್ಲಿ. ಅಲ್ಲಿ ಆಟಗಾರ ಅಂದರೆ ಆಟಗಾರ ಮಾತ್ರ. ಬೆಳಿಗ್ಗೆ ಓಟ, ಮಧ್ಯಾಹ್ನ ಅಭ್ಯಾಸ, ಸಂಜೆ ಮತ್ತೆ ಅಭ್ಯಾಸ, ತರಗತಿಯಲ್ಲಿ ನಿದ್ದೆ. ಮೇಷ್ಟ್ರುಗಳೂ ಎಬ್ಬಿಸುತ್ತಿರಲಿಲ್ಲ. ಹಬ್ಬಕ್ಕೆ ಮನೆಗೆ ಬಂದರೆ ನೆಂಟರ ಹುಡುಗನ ಹಾಗೆ ಎರಡು ದಿನ ಇದ್ದು ಹೋಗುತ್ತಿದ್ದ. ಕೊನೆಗೆ ಹೈಸ್ಕೂಲು ತಂಡಗಳು ಹುಡುಗರನ್ನು ಆರಿಸುವ ಕಾಲ ಬಂದಾಗ ಅವನನ್ನು ಯಾರೂ ಕರೆಯಲಿಲ್ಲ. ಎತ್ತರ ಸಾಲದು ಅಂದರು. ಮೈದಾನಕ್ಕೆ ಬೇಡವಾದ ಹುಡುಗ, ಪುಸ್ತಕ ತೆರೆದರೆ ಒಂದಕ್ಷರ ತಲೆಗೆ ಹತ್ತದು. ದೊಕ್ಸು ಒಂದಷ್ಟು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ದಿನ ಊಟದ ನಡುವೆ, "ಭೂಕಂಪ ಆದ ಊರಂತೆ. ಮನೆ ಕಟ್ಟೋಕೆ ಜನ ಬೇಕಂತೆ. ಟೈಲ್ಸ್ ಕೆಲಸ ನಂಗೆ ಬರುತ್ತೆ. ಹೋಗೋಣ," ಅಂದ.

ಹಾಗೆ ಅವರು ಆ ಊರಿನ ರಿಕರ್ಟನ್ ಬಡಾವಣೆಯ ಒಂದು ಬಾಡಿಗೆ ಮನೆಗೆ ಬಂದರು. ನೆಲ ಮಂಜುಗಡ್ಡೆಯಂತೆ ತಣ್ಣಗೆ. ಮಿರಾನ್ ಬೆಳಕು ಹರಿಯುವ ಮೊದಲೇ ಎದ್ದು ಮಾಲ್‌ನ ಸುಶಿ ಅಂಗಡಿಗೆ ಅನ್ನ ಸುತ್ತಲು ಹೋಗುತ್ತಿದ್ದಳು. ದೊಕ್ಸು ಮಂಡಿಗೆ ಪಟ್ಟಿ ಕಟ್ಟಿಕೊಂಡು ದಿನವಿಡೀ ಯಾರದೋ ಬಚ್ಚಲಿನಲ್ಲಿ ಒಬ್ಬನೇ ಕೂತು ಟೈಲ್ಸ್ ಹಾಕುತ್ತಿದ್ದ. ಮೇಸ್ತ್ರಿ ಸಂಜೆ ಬಂದು ಹೆಬ್ಬೆರಳು ಎತ್ತಿ ತೋರಿಸಿದರೆ ಅವತ್ತಿನ ಮಾತುಕತೆ ಮುಗಿದ ಹಾಗೆ. ಹದಿಮೂರರ ಮಗಳು ಹಾರಿಮ್ ಮಾತ್ರ ಕೆಲವೇ ತಿಂಗಳಲ್ಲಿ ಅಲ್ಲಿಯೇ ಹುಟ್ಟಿದವಳ ಹಾಗೆ ಇಂಗ್ಲಿಷ್ ಮಾತಾಡತೊಡಗಿದಳು. ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ, ಮನೆ ಮಾಲೀಕನ ಎದುರು ಅಪ್ಪನ ಬಾಯಿ ಅವಳೇ.

ಜೆಹಾ ಮನೆಯವರಿಗೆ ಹೊಸಬನಂತೆಯೇ ಇದ್ದ. ತಟ್ಟೆಯ ಸುತ್ತ ಮೊಣಕೈ ಇಟ್ಟುಕೊಂಡು, ತಲೆ ತಗ್ಗಿಸಿ, ಎಲ್ಲರಿಗಿಂತ ಮೊದಲು ಉಂಡು ಮುಗಿಸುತ್ತಿದ್ದ.

"ಅಣ್ಣಾ, ಇಲ್ಲಿ ಯಾರೂ ಕಿತ್ಕೊಳ್ಳಲ್ಲ. ನಿಧಾನ ತಿನ್ನು," ಅನ್ನುತ್ತಿದ್ದಳು ಹಾರಿಮ್.

"ಅವನ ಪಾಡಿಗೆ ಬಿಡೇ," ಅಂತ ಮಿರಾನ್ ಸಾಸೇಜ್ ಹುರಿದ ಬಾಣಲೆಯನ್ನೇ ಅವನ ಕಡೆ ಸರಿಸುತ್ತಿದ್ದಳು. ಹತ್ತು ವರ್ಷದವನಿದ್ದಾಗ ಅವನಿಗೆ ಅದು ಪ್ರಾಣ. ಈಗಲೂ ಹೌದೋ ಅಲ್ಲವೋ ಅವಳು ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಶಾಲೆಯಲ್ಲಿ ಮಧ್ಯಾಹ್ನದ ಹೊತ್ತು ಜೆಹಾ ಸೈಕಲ್ ಶೆಡ್ಡಿನ ಹಿಂದೆ ಕೂತು ಊಟದ ಡಬ್ಬಿ ತೆರೆಯುತ್ತಿದ್ದ. ಬೇರೆ ಕೊರಿಯನ್ ಹುಡುಗರೂ ಇದ್ದರು. ಆದರೆ ಅವರೆಲ್ಲ ಚಿಕ್ಕಂದಿನಲ್ಲೇ ಬಂದವರು, ತಮ್ಮತಮ್ಮಲ್ಲೂ ಇಂಗ್ಲಿಷಿನಲ್ಲೇ ಹರಟುವವರು. ಅವನ ಹರಕುಮುರುಕು ಇಂಗ್ಲಿಷಿಗೆ ಬೇಸರಿಸದೆ ದಿನಾ ಮಾತಾಡುತ್ತಿದ್ದವನು ಮರಗೆಲಸದ ತರಗತಿಯಲ್ಲಿ ಪಕ್ಕದ ಮೇಜಿನಲ್ಲಿದ್ದ ಸೆಫೊ ಒಬ್ಬನೇ. ಸಮೋವಾ ದ್ವೀಪದವರ ಮನೆ ಹುಡುಗ, ಆಳಿನ ಮೇಲೆ ಆಳು ನಿಂತಷ್ಟು ಎತ್ತರ, ಕುರ್ಚಿ ಮಾಡು ಅಂದರೆ ಸೌದೆ ಮಾಡುವವನು.

"ಲೋ, ಶನಿವಾರ ಏನ್ ಮಾಡ್ತೀಯ?" ಅಂತ ಸೆಫೊ ಒಂದು ದಿನ ಕೇಳಿದ.

"ಏನೂ ಇಲ್ಲ."

"ಫುಟ್‌ಬಾಲಿಗೆ ಬರ್ತೀಯಾ? ಸ್ಕೂಲಿನ ನಾಲ್ಕನೇ ತಂಡ, ಎಲ್ಲಕ್ಕಿಂತ ಕೆಳಗಿಂದು. ಹತ್ತೇ ಜನ ಇದೀವಿ."

"ನಂಗೆ ಬರಲ್ಲ."

"ನಮಗೂ ಬರಲ್ಲ ಕಣೋ. ಸುಮ್ನೆ ನಿಂತ್ಕೊಳ್ಳೋಕೆ ಬರುತ್ತಾ?"

ಜೆಹಾ ಉಜ್ಜುಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಯೋಚಿಸಿದ. "ನಿಂತ್ಕೊಳ್ಳೋಕೆ ಬರುತ್ತೆ," ಅಂದ.

ಮನೆಯಲ್ಲಿ ಲೈಬ್ರರಿಗೆ ಅಂತ ಹೇಳಿ ಹೊರಟ. ಶಾಲೆಯ ಕಪಾಟಿನಲ್ಲಿ ಯಾರೋ ಬಿಟ್ಟುಹೋಗಿದ್ದ ಬೂಟು ಕಾಲಿಗೆ ಒಂದು ಅಳತೆ ದೊಡ್ಡದು. ಹ್ಯಾಗ್ಲಿ ಪಾರ್ಕಿನ ಮೂಲೆಯ ಮೈದಾನದಲ್ಲಿ, ಕೆಸರಿನಲ್ಲಿ, ಅವನು ಹಿಂದಿನ ಸಾಲಿನಲ್ಲಿ ನಿಂತ. ತನ್ನ ಬಳಿ ಬಂದ ಚೆಂಡನ್ನು ಆಚೆ ದಾಟಿಸಿದ, ಅಷ್ಟೇ. ತಂಡ ಏಳು ಗೋಲು ತಿಂದು ಸೋತಿತು.

ಸೀಟಿ ಊದಿದ ಕೂಡಲೇ ಜೆಹಾ ಗೆರೆಯ ಬಳಿ ಹೋಗಿ, ಕಾಲು ಜೋಡಿಸಿ, ಕೈ ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ ನಿಂತುಕೊಂಡ. ಸೋತ ಮೇಲೆ ಹಾಗೆ ನಿಲ್ಲಬೇಕು. ಅವನ ಮೈಗೆ ಅದು ಗೊತ್ತಿತ್ತು. ಸ್ವಲ್ಪ ಹೊತ್ತಾದರೂ ಯಾರೂ ಬರಲಿಲ್ಲ. ತಲೆ ಎತ್ತಿ ನೋಡಿದರೆ ಎಲ್ಲರೂ ಒಂದು ಕಾರಿನ ಹಿಂದೆ ಗುಂಪು ಕಟ್ಟಿ ನಗುತ್ತಿದ್ದರು.

"ಯಾಕೋ ಕಂಬದ ಹಾಗೆ ನಿಂತಿದೀಯ? ಸೊಂಟ ಹಿಡ್ಕೊಳ್ತಾ?" ಅಂತ ಸೆಫೊ ಬಂದು ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜ್ ಕೈಗಿಟ್ಟ. "ಬೇಗ ತಿನ್ನು. ಗೋಲ್ ಕಾಯೋನು ಏಳು ಗೋಲು ಬಿಟ್ನಲ್ಲ, ಎಂಟು ಸಾಸೇಜ್ ತಿಂತಾನೆ ಈಗ."

ಜೆಹಾ ತಿಂದ. ಕಣ್ಣಲ್ಲಿ ನೀರು ಬಂತು. ಮೇಲೆ ಹಾಕಿದ ಸಾಸಿವೆ ಖಾರ ಅಂದ.

ಅದೇ ಪಾರ್ಕಿನ ಇನ್ನೊಂದು ತುದಿಯಲ್ಲಿ ಶನಿವಾರ ಹುಡುಗಿಯರ ನೆಟ್‌ಬಾಲ್ ನಡೆಯುತ್ತಿತ್ತು. ಹಾರಿಮ್ ಅಲ್ಲಿ ಆಡುತ್ತಿದ್ದಳು. ಅವತ್ತು ರಾತ್ರಿ ಊಟವಾದ ಮೇಲೆ ಸಿಂಕಿನ ಮುಂದೆ ನಿಂತು ಅವಳು ಮೆಲ್ಲಗೆ ಕೇಳಿದಳು.

"ಲೈಬ್ರರೀಲಿ ಮಂಡಿಗೆ ಕೆಸರು ಹತ್ತುತ್ತಾ ಅಣ್ಣಾ?"

ಜೆಹಾ ಅಡುಗೆಮನೆಯ ಬಾಗಿಲು ಮುಚ್ಚಿದ. "ಅಪ್ಪಂಗೆ ಹೇಳ್ತೀಯಾ?"

"ಪಾತ್ರೆ ತೊಳೀತೀಯಾ?"

"ಎಷ್ಟು ದಿನ?"

"ಈ ಸಲದ ಆಟ ಎಲ್ಲಾ ಮುಗಿಯೋವರೆಗೂ."

ಅವನು ಸ್ಪಂಜು ಕೈಗೆ ತಗೊಂಡ. ನೀರು ಕುಡಿಯಲು ಬಂದ ಮಿರಾನ್ ಬಾಗಿಲಲ್ಲೇ ನಿಂತಳು. "ಏನಾಯ್ತೇ ಇವನಿಗೆ?"

"ದೊಡ್ಡೋನಾಗಿದಾನೆ ಬಿಡಮ್ಮ."

ಹೀಗೆ ದಿನವೂ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಅಣ್ಣ ತಂಗಿ ಮೊದಲ ಸಲ ಮಾತು ಕಲಿತರು. ಅವನು ಉಜ್ಜುತ್ತಿದ್ದ, ಅವಳು ಒರೆಸುತ್ತಿದ್ದಳು.

"ನೀನು ಚೆನ್ನಾಗಿ ಆಡ್ತೀಯಾ?"

"ಕೆಟ್ಟದಾಗಿ ಆಡ್ತೀನಿ. ಚೆಂಡು ಹಿಡಿದ್ರೆ ಎಲ್ರೂ ಚಪ್ಪಾಳೆ ಹೊಡೀತಾರೆ, ಪಾಪ ಹಿಡಿದ್ಲಲ್ಲ ಅಂತ."

"ಅಪ್ಪ ಅಮ್ಮ ನೋಡೋಕೆ ಬಂದಿದ್ರಾ?"

"ನಿನ್ ಆಟ ನೋಡಿ ನೋಡಿ ಅವ್ರಿಗೆ ಜನ್ಮಕ್ಕಾಗೋಷ್ಟು ಆಗಿದೆ. ನಂಗೂ ಅಷ್ಟೇ. ನಾನು ಮಗ್ಗಿ ಕಲಿತಿದ್ದೇ ಕಾರಿನ ಹಿಂದಿನ ಸೀಟಲ್ಲಿ, ನಿನ್ ಪಂದ್ಯ ಮುಗಿಯೋದನ್ನ ಕಾಯ್ತಾ."

ಜೆಹಾ ಸ್ಪಂಜಿಗೆ ಸೋಪು ಹಚ್ಚಿಕೊಂಡ. ಬಟ್ಟಲನ್ನು ಎರಡು ಸಲ ತೊಳೆದ.

ವಾರಗಳು ಹೋದವು. ನಾಲ್ಕನೇ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಒಂದು ಶನಿವಾರ, ಆಟ ಮುಗಿಯುತ್ತಾ ಬಂದಿದ್ದಾಗ, ಚೆಂಡು ಪುಟಿದು ಜೆಹಾನ ಕಾಲ ಬಳಿ ಬಿತ್ತು. ಅವನು ಯೋಚಿಸಲಿಲ್ಲ. ಮೈ ತಾನಾಗಿ ಹೊರಟಿತು. ಒಬ್ಬನನ್ನು ದಾಟಿದ, ಇನ್ನೊಬ್ಬನನ್ನು, ಮತ್ತೊಬ್ಬನನ್ನು, ದೂರದಿಂದಲೇ ಒದ್ದ. ಚೆಂಡು ಬಲೆಯ ಮೇಲ್ಮೂಲೆಗೆ ಹೋಗಿ ಸಿಕ್ಕಿಕೊಂಡಿತು. ಆಮೇಲೆ ಹತ್ತೂ ಜನ ಓಡಿಬಂದು ಅವನನ್ನು ಕೆಡವಿ ಮೇಲೆ ಬಿದ್ದರು. ಕೆಳಗೆ ಸಿಕ್ಕ ಜೆಹಾ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಹೊಡೆಯುತ್ತಿಲ್ಲ, ನಗುತ್ತಿದ್ದಾರೆ ಅನ್ನುವುದು ತಿಳಿಯಲು ಅವನಿಗೆ ಸ್ವಲ್ಪ ಸಮಯ ಹಿಡಿಯಿತು.

ಮುಂದಿನ ಸೋಮವಾರ ಸಂಜೆ, ಕಿಮ್ಚಿ ಎಲೆಕೋಸಿನ ಸಾರು ಮೇಜಿನ ಮೇಲೆ ಕುದಿಯುತ್ತಿರುವಾಗಲೇ ಫೋನ್ ಬಂತು. ಹಾರಿಮ್ ಎತ್ತಿಕೊಂಡಳು. ಕೇಳಿಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾ ಅಣ್ಣನ ಕಡೆ ನೋಡಿದಳು.

"ಯಾರು?" ಅಂದ ದೊಕ್ಸು.

"ಅಣ್ಣನ ಸ್ಕೂಲಿಂದ. ರೆನಿಕ್ ಅಂತ ಮೇಷ್ಟ್ರು."

"ಏನಂತೆ? ಏನಾದ್ರೂ ತಪ್ಪು ಮಾಡಿದ್ನಾ?"

ಜೆಹಾ ಊಟದ ಕಡ್ಡಿಗಳನ್ನು ಹಿಡಿದ ಕೈಯನ್ನು ಅಡ್ಡಡ್ಡ ಆಡಿಸಿದ. ಹಾರಿಮ್ ತುಟಿ ಕಚ್ಚಿಕೊಂಡಳು. ಅಪ್ಪನಿಗೋಸ್ಕರ ಭಾಷಾಂತರಿಸುವಾಗ ಅವಳು ಇದುವರೆಗೆ ಒಂದು ಮಾತನ್ನೂ ತಿರುಚಿರಲಿಲ್ಲ.

"ಅಣ್ಣ ಫುಟ್‌ಬಾಲ್ ಆಡ್ತಿದಾನಂತೆ ಅಪ್ಪ. ಮೊದಲನೇ ತಂಡಕ್ಕೆ ಬೇಕಂತೆ."

ದೊಕ್ಸು ಚಮಚ ಕೆಳಗಿಟ್ಟ. "ಈಗ ಎಲ್ಲಿ ಆಡ್ತಿದಾನೆ?"

"ನಾಲ್ಕನೇ ತಂಡದಲ್ಲಿ."

"ನಾಲ್ಕನೇದ್ರಲ್ಲಿ? ನಮ್ ಜೆಹಾ, ನಾಲ್ಕನೇದ್ರಲ್ಲಿ?" ಎಲ್ಲರೂ ಬೈಗುಳಕ್ಕೆ ಕಾದರು. ದೊಕ್ಸು ನಕ್ಕುಬಿಟ್ಟ. ಈ ದೇಶಕ್ಕೆ ಬಂದ ಮೇಲೆ ಅವನು ಹಾಗೆ ನಕ್ಕದ್ದನ್ನು ಯಾರೂ ನೋಡಿರಲಿಲ್ಲ. "ಆಗ್ಲಿ ಅನ್ನು. ಹೇಳೇ, ಆಗ್ಲಿ ಅನ್ನು!"

"ನಂಗೆ ಬೇಡ ಅಪ್ಪ," ಅಂದ ಜೆಹಾ.

"ಬೇಡ ಅಂದ್ರೆ?"

"ಇರೋ ತಂಡದಲ್ಲೇ ಇರ್ತೀನಿ."

"ಅಲ್ಲೇನಿದೆ?"

ಜೆಹಾ ಕಡ್ಡಿಯಿಂದ ಅನ್ನ ಕೆದಕಿದ.

"ಸಾಸೇಜ್ ಇದೆ," ಅಂದಳು ಹಾರಿಮ್.

"ನೀನು ಸುಮ್ನಿರೇ. ಆಟ ಅಂದ್ರೇನು ಕಾಲಹರಣನಾ? ನಾಲ್ಕು ವರ್ಷ ಬೆವರು ಸುರಿಸಿದ್ದು ಸಾಸೇಜ್ ತಿನ್ನೋಕಾ?"

"ಇಲ್ಲಿ ಎಲ್ರೂ ಹಾಗೇ ಆಡ್ತಾರೆ ಅಪ್ಪ," ಅಂದ ಜೆಹಾ.

"ಎಲ್ರೂ ಅವರವರ ಅಪ್ಪನ ಊರಲ್ಲಿದಾರೆ. ಹೇಗಾಡಿದ್ರೂ ನಡೆಯುತ್ತೆ. ನೀನ್ ಯಾರ ಊರಲ್ಲಿದೀಯ?"

ಫೋನಿನೊಳಗಿಂದ ಹಲೋ, ಹಲೋ ಅಂತ ಕೇಳುತ್ತಲೇ ಇತ್ತು. ಮಿರಾನ್ ಸಾರಿನೊಳಗಿನ ಮಾಂಸದ ಚೂರು ಆರಿಸಿ ಮಗನ ಅನ್ನದ ಮೇಲಿಟ್ಟಳು. "ಮೊದಲನೇ ತಂಡ ಅಂದ್ರೆ ಒಳ್ಳೇದೇ ಅಲ್ವೇನೋ. ಕರೀತಿದಾರೆ. ಅಲ್ಲಿ ಯಾರೂ ಕರೀಲಿಲ್ಲ, ಇಲ್ಲಿ ಕರೀತಿದಾರೆ."

ಜೆಹಾ ಆ ಚೂರನ್ನೇ ನೋಡುತ್ತಾ ಕೂತ. ಹಾರಿಮ್ ಫೋನಿನಲ್ಲಿ ಆಗಲಿ ಅಂದಳು.

ಮಾರನೆಯ ದಿನದಿಂದ ಮನೆಯ ಗಾಳಿಯೇ ಬದಲಾಯಿತು. ದೊಕ್ಸು ಕೆಲಸದಿಂದ ಬರುವಾಗ ಹೊಸ ಬೂಟು ತಂದ. ತಾವು ಹೋಗುವ ಕೊರಿಯನ್ ಚರ್ಚಿನ ಹಿರಿಯ, ಡೀಕನ್ ಒಬ್ಬರ ಹತ್ತಿರ ಸೈಕಲ್ ಕೇಳಿ ತಂದು, ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿರುವ ಹೊತ್ತಿನಲ್ಲೇ ಮಗನನ್ನು ಓಡಿಸಿಕೊಂಡು ಹಿಂದೆ ಹಿಂದೆ ಹೋದ. ಮಿರಾನ್ ಶುಕ್ರವಾರ ಮಧ್ಯಾಹ್ನದಿಂದಲೇ ದನದ ಮೂಳೆ ಬೇಯಲು ಇಡುತ್ತಿದ್ದಳು. ಕಿಟಕಿಗಳೆಲ್ಲ ಆವಿ ಹಿಡಿದು ಪರದೆಗೂ ಸಾರಿನ ವಾಸನೆ. ಭಾನುವಾರ ಚರ್ಚಿನ ಊಟದ ಸಾಲಿನಲ್ಲಿ ಹೆಂಗಸರು, "ನಿಮ್ ಮಗ ಮೊದಲನೇ ತಂಡವಂತೆ," ಅಂದರೆ ಮಿರಾನ್, "ಅಯ್ಯೋ, ಏನೋ ಆಡ್ತಾನೆ," ಅನ್ನುತ್ತಿದ್ದಳು. ಮನೆಗೆ ಬಂದ ಮೇಲೂ ಅವಳ ಮುಖದಲ್ಲಿ ಆ ಗೆಲುವು ಇರುತ್ತಿತ್ತು. ದೊಕ್ಸು ಟೈಲ್ಸ್ ಕೊಯ್ಯುವಾಗ ಸಿಳ್ಳೆ ಹಾಕತೊಡಗಿದ.

ಜೆಹಾ ಹೇಳಿದಂತೆ ಆಡಿದ. ಮೊದಲನೇ ತಂಡದ ಹುಡುಗರು ಚಿಕ್ಕಂದಿನಿಂದ ಜೊತೆಗೆ ಆಡಿದವರು. ಅವನಿಗೆ ಚೆಂಡು ಕೊಡುತ್ತಿದ್ದರು, ಗೋಲು ಹೊಡೆದರೆ ಅಂಗೈಗೆ ಅಂಗೈ ತಟ್ಟುತ್ತಿದ್ದರು, ಮುಗಿದ ಮೇಲೆ ತಮ್ಮ ತಮ್ಮ ಅಪ್ಪ ಅಮ್ಮನ ಕಾರು ಹತ್ತಿ ಹೋಗುತ್ತಿದ್ದರು. ಹೆಸರು ಉದ್ದವಾಯಿತೆಂದು 'ಜೇ' ಮಾಡಿದ್ದರು. ಮೈದಾನದಲ್ಲಿ ಎಲ್ಲರೂ ಜೇ, ಜೇ ಅಂತ ಕೂಗುವವರೇ. ಹೊರಗೆ ಆ ಹೆಸರು ಯಾರಿಗೂ ಬೇಕಾಗುತ್ತಿರಲಿಲ್ಲ.

"ದೊಡ್ಡೋರ ಸಹವಾಸ ಆಯ್ತಲ್ಲಪ್ಪ ನಿಂದು," ಅಂದ ಸೆಫೊ ಮರಗೆಲಸದ ತರಗತಿಯಲ್ಲಿ. ಸಿಟ್ಟೇನೂ ಇರಲಿಲ್ಲ.

"ನೀವು ಮತ್ತೆ ಹತ್ತೇ ಜನಾನಾ?"

"ಇಲ್ಲ, ಒಬ್ಬ ಸಿಕ್ಕ. ನಿಂಗಿಂತ ಚೆನ್ನಾಗಿ ನಿಂತ್ಕೋತಾನೆ."

ಇಬ್ಬರೂ ನಕ್ಕರು. ಆಮೇಲೆ ಸೆಫೊ ಸುತ್ತಿಗೆ ಎತ್ತಿಕೊಂಡ, ಜೆಹಾ ಮರ ಉಜ್ಜಿದ.

ದೊಕ್ಸು ಪ್ರತಿ ಪಂದ್ಯಕ್ಕೂ ಹೋಗುತ್ತಿದ್ದ. ಗೆರೆಯ ಉದ್ದಕ್ಕೂ ಮಗನ ಜೊತೆಗೇ ಓಡುತ್ತಾ, ಕೊರಿಯನ್ನಿನಲ್ಲಿ ಕೂಗುತ್ತಿದ್ದ. "ಹಿಂದೆ ನೋಡೋ! ಬಿಡ್ಬೇಡ, ಬಿಡ್ಬೇಡ! ಕಾಲಿಗೇನ್ ಕಲ್ಲು ಕಟ್ಟಿದಾರಾ!" ಥರ್ಮಾಸ್ ಹಿಡಿದು ನಿಂತ ಬೇರೆ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ದೂರ ಸರಿದು, ಕೊನೆಗೆ ಆ ಬದಿಯಲ್ಲಿ ಅವನೊಬ್ಬನೇ ಉಳಿಯುತ್ತಿದ್ದ. ಅವನಿಗೆ ಅದು ತಿಳಿಯುತ್ತಿರಲಿಲ್ಲ, ಅಥವಾ ಓಡಲು ಜಾಗವಾಯಿತು ಅಂದುಕೊಳ್ಳುತ್ತಿದ್ದ.

ಒಂದು ಶನಿವಾರ ರೆನಿಕ್ ಮೇಷ್ಟ್ರು, ತನ್ನ ಆಟ ಮುಗಿಸಿ ಬಂದ ಹಾರಿಮ್‌ಳನ್ನು ಕರೆದು, "ನಿಮ್ಮಪ್ಪನಿಗೆ ಸ್ವಲ್ಪ ಹೇಳಮ್ಮ, ಕೂಗೋದು ಬೇಡ, ಹುಡುಗರಿಗೆ ಗಾಬರಿಯಾಗುತ್ತೆ ಅಂತ," ಅಂದರು.

"ಏನಂದ್ರು?" ದೊಕ್ಸು ಓಡಿಬಂದ. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು.

ಹಾರಿಮ್ ಅಪ್ಪನ ಮುಖ ನೋಡಿದಳು. "ನಿಮ್ ದನಿ ತುಂಬಾ ದೊಡ್ಡದು ಅಂದ್ರು."

"ಹೇಳು ಅವ್ರಿಗೆ, ಸೈನ್ಯದಲ್ಲಿದ್ದಾಗ ಕವಾಯತು ಕೂಗ್ತಿದ್ದಿದ್ದೇ ನಾನು ಅಂತ!"

ಹಾರಿಮ್ ಮೇಷ್ಟ್ರ ಕಡೆ ತಿರುಗಿ, ಅಪ್ಪ ಕ್ಷಮಿಸಿ ಅಂದರು ಅಂತ ಹೇಳಿದಳು. ಮುಂದಿನ ವಾರ ದೊಕ್ಸು ಇನ್ನೂ ಜೋರಾಗಿ ಕೂಗಿದ.

ಆ ವಾರವೇ ಅದು ನಡೆದದ್ದು. ಪಂದ್ಯ ಸಮಬಲದಲ್ಲಿತ್ತು. ಕೊನೆಯ ಗಳಿಗೆಯಲ್ಲಿ ಜೆಹಾನ ಕಾಲಿಂದ ಚೆಂಡು ಕಿತ್ತುಕೊಂಡ ಎದುರಾಳಿ ನೆಟ್ಟಗೆ ಹೋಗಿ ಗೋಲು ಹೊಡೆದ. ಸೀಟಿ ಊದಿತು. ಚಳಿಗಾಳಿ ಬೀಸುತ್ತಿತ್ತು. ಮಗನ ಅಂಗಿ ಒದ್ದೆಯಾಗಿದೆಯೆಂದು ದೊಕ್ಸು ತನ್ನ ಜಾಕೆಟ್ ಕಳಚಿಕೊಂಡು ಕಾರು ನಿಲ್ಲಿಸುವ ಜಾಗದಲ್ಲಿ ಬೇಗ ಬೇಗ ಅವನ ಕಡೆ ನಡೆದ, ಹೊದಿಸಲು ಕೈ ಎತ್ತಿದ.

ಜೆಹಾ ತಟ್ಟನೆ ಕಾಲು ಜೋಡಿಸಿದ. ಕೈ ಬೆನ್ನ ಹಿಂದೆ ಹೋಯಿತು. ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹಿಡಿದು ನಿಂತ.

"ಏನೋ ಇದು?" ಅಂದ ದೊಕ್ಸು.

ಜೆಹಾ ಕಣ್ಣು ತೆರೆಯಲಿಲ್ಲ. ಹತ್ತಿರದ ಕಾರುಗಳ ಬಾಗಿಲುಗಳು ಮುಚ್ಚುವುದು ನಿಂತಿತು. ಎಲ್ಲರೂ ನೋಡುತ್ತಿದ್ದರು. ರೆನಿಕ್ ಮೇಷ್ಟ್ರು ಅರ್ಧ ಓಡುತ್ತಲೇ ಬಂದು ಇಬ್ಬರ ನಡುವೆ ನಿಂತರು. ಮೆತ್ತಗೆ ಏನೋ ಕೇಳಿದರು.

"ಏನಂತಿದಾರೆ?" ದೊಕ್ಸುವಿನ ಎತ್ತಿದ ಕೈ ಹಾಗೇ ಇತ್ತು. "ಏನಂದ್ಕೊಂಡಿದಾರೆ ಇವ್ರು? ನಾನು ಇವನ ಮೇಲೆ ಯಾವತ್ತೂ ಕೈ ಮಾಡಿಲ್ಲ ಅಂತ ಹೇಳು. ಹೇಳೇ!"

ಹಾರಿಮ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅದು ನಿಜವೇ ಆಗಿತ್ತು. ಮೇಷ್ಟ್ರು ತಲೆಯಾಡಿಸಿದರು, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಮನೆಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ದೊಕ್ಸು ಶುರುಮಾಡಿದ.

"ಹತ್ತು ಜನರ ಮುಂದೆ ನನ್ ಮಾನ ತೆಗೆದೆಯಲ್ಲೋ! ಯಾವಾಗ ಹೊಡ್ದಿದೀನಿ ನಿಂಗೆ? ಹೇಳು, ಒಂದು ದಿನ ಹೊಡ್ದಿದೀನಾ?"

"ಇಲ್ಲ."

"ಮತ್ತೆ?"

"ನೀವು ಹೊಡೀಲಿಲ್ಲ. ನೀವು ಕಾರಲ್ಲಿ ಕೂತಿದ್ರಿ."

"ಏನು?"

"ಹಾಸ್ಟೆಲಲ್ಲಿ ಸೋತಾಗೆಲ್ಲ ಕೋಚ್ ನಮ್ಮನ್ನ ಜಿಮ್ ಹಿಂದೆ ಸಾಲಾಗಿ ನಿಲ್ಲಿಸಿ ಹೊಡೀತಿದ್ರಲ್ಲ, ಆಗ. ಅಪ್ಪಂದಿರ ಕಾರೆಲ್ಲ ಅಲ್ಲೇ ನಿಂತಿರ್ತಿತ್ತು. ನಿಮ್ ಕಾರಿನ ಲೈಟು ನಮ್ ಮೇಲೇ ಬೀಳ್ತಿತ್ತು. ಯಾರೂ ಇಳೀಲಿಲ್ಲ. ನಾನು ನೋಡ್ತಿದ್ದೆ ಅಪ್ಪ, ಇಳೀತೀರೇನೋ ಅಂತ."

ದೊಕ್ಸುವಿನ ದನಿ ಇಳಿಯಿತು. "ಇಳಿದಿದ್ರೆ ಮುಂದಿನ ಪಂದ್ಯಕ್ಕೆ ನಿನ್ನ ಹೊರಗೆ ಕೂರಿಸ್ತಿದ್ದ ಆ ಮನುಷ್ಯ."

"ಗೊತ್ತು."

"ನಿನಗೋಸ್ಕರಾನೇ..."

"ರೇಡಿಯೋ ಹಾಕಿದ್ರಿ," ಅಂದಳು ಹಾರಿಮ್ ನೆಲ ನೋಡುತ್ತಾ. "ನಾನು ಕೇಳಿಸ್ಕೋಬಾರ್ದು ಅಂತ."

ಒಲೆಯ ಮೇಲೆ ಮೂಳೆ ಸಾರು ಗೊಳಗೊಳ ಕುದಿಯುತ್ತಿತ್ತು. ಮಿರಾನ್ ಹೋಗಿ ಒಲೆ ಆರಿಸಿದಳು. ಬೆನ್ನು ಹಾಕಿಕೊಂಡೇ ಹೇಳಿದಳು, "ಅಪ್ಪನ್ನ ಒಬ್ರನ್ನೇ ಯಾಕಂತೀಯ. ಅಮ್ಮಂದಿರು ಸರದಿ ಮೇಲೆ ಅಡುಗೆ ಮಾಡ್ಬೇಕಿತ್ತಲ್ಲ, ನನ್ ಸರದಿ ಬಂದಾಗ ಹಾಸ್ಟೆಲ್ ಅಡುಗೆಮನೇಲಿ ಅಕ್ಕಿ ತೊಳೀತಿದ್ದೆ. ಗೋಡೆ ಆಚೆನೇ ಜಿಮ್ಮು. ನಲ್ಲಿ ಜೋರಾಗಿ ಬಿಟ್ಕೊಂಡೆ."

ಅವತ್ತು ಯಾರೂ ಉಣ್ಣಲಿಲ್ಲ.

ಸೋಮವಾರ ಜೆಹಾ ತಾನೇ ರೆನಿಕ್ ಮೇಷ್ಟ್ರ ಹತ್ತಿರ ಹೋಗಿ, ಹಾರಿಮ್ ಪಾತ್ರೆ ಒರೆಸುತ್ತಾ ಬಾಯಿಪಾಠ ಮಾಡಿಸಿದ್ದ ಎರಡು ವಾಕ್ಯ ಹೇಳಿ ತಂಡ ಬಿಟ್ಟ. ಮನೆಯಲ್ಲಿ ಏನಾದರೂ ತೊಂದರೆಯಾ ಅಂತ ಅವರು ಕೇಳಿದರು. "ಇಲ್ಲ. ನಮ್ಮಪ್ಪ ಒಳ್ಳೆಯವರು," ಅಂದ. ಅದಕ್ಕಿಂತ ಹೆಚ್ಚು ಹೇಳಲು ಅವನಲ್ಲಿ ಇಂಗ್ಲಿಷ್ ಇರಲಿಲ್ಲ. ಕೊರಿಯನ್ ಇತ್ತೋ ಇಲ್ಲವೋ ಅದೂ ಅವನಿಗೆ ಗೊತ್ತಿರಲಿಲ್ಲ.

ಸೆಫೊನ ಹತ್ತಿರ ಹೋದರೆ ಅವನು ತಲೆ ಕೆರೆದುಕೊಂಡ. "ಈಗ ಹನ್ನೊಂದು ಜನ ಇದೀವಲ್ಲೋ. ಆ ಹೊಸಬನ್ನ ಕಳಿಸೋಕಾಗಲ್ಲ, ಪಾಪ, ಅವನಿಗೆ ಬೇರೆ ಗೆಳೆಯರಿಲ್ಲ. ಬೇಕಾದ್ರೆ ಹನ್ನೆರಡನೆಯವನಾಗಿ ಬೆಂಚಲ್ಲಿ ಕೂರ್ತೀಯಾ?"

"ಕೂರ್ತೀನಿ."

ಮನೆಯಲ್ಲಿ ಅಪ್ಪ ಮಗ ಮಾತು ಬಿಟ್ಟರು. ಉಪ್ಪು ಬೇಕಾದರೆ ಹಾರಿಮ್ ಮೂಲಕ ಕೇಳುತ್ತಿದ್ದರು. "ನಾನ್ ಇಲ್ಲೂ ದುಭಾಷಿನಾ?" ಅಂತ ಅವಳು ರೇಗುತ್ತಿದ್ದಳು. ಸೈಕಲ್ ಡೀಕನ್ ಮನೆಗೆ ವಾಪಸು ಹೋಯಿತು. ಶನಿವಾರ ಬೆಳಿಗ್ಗೆ ಮಕ್ಕಳಿಬ್ಬರೂ ಹೊರಟ ಮೇಲೆ ದೊಕ್ಸು ತಾವಿದ್ದ ಬಾಡಿಗೆ ಮನೆಯ ಬಚ್ಚಲಿಗೆ ಹೋಗಿ, ಟೈಲ್ಸ್ ಸಂದಿನ ಹಳೇ ಗಾರೆ ಕೆರೆದು ಹೊಸದು ತುಂಬುತ್ತಾ ಕೂರುತ್ತಿದ್ದ.

"ಅಲ್ಲಾ ರೀ, ಯಾರದೋ ಮನೆ ಬಚ್ಚಲು. ಎಷ್ಟು ಸಲ ಉಜ್ತೀರಿ?" ಅನ್ನುತ್ತಿದ್ದಳು ಮಿರಾನ್.

"ಸುಮ್ನೆ ಕೂತು ಏನ್ಮಾಡ್ಲಿ."

ಒಂದು ಸಂಜೆ ಮಿರಾನ್ ಅಂಗಡಿಯಿಂದ ಬೇಗ ಬಂದಳು. ಜೆಹಾ ಒಬ್ಬನೇ ಇದ್ದ. ಅವಳು ಫ್ರಿಜ್ ಬಾಗಿಲು ತೆಗೆದು, ಮುಚ್ಚಿ, ಮತ್ತೆ ತೆಗೆದಳು.

"ನಿಂಗೇನ್ ತಿನ್ಬೇಕು ಅನ್ಸುತ್ತೋ?"

"ಏನಾದ್ರೂ ಸರಿ ಅಮ್ಮ."

"ಏನಾದ್ರೂ ಬೇಡ. ನಿಂಗೆ ಯಾವುದು ಇಷ್ಟ, ಅದನ್ನ ಹೇಳು."

ಜೆಹಾ ನಿಜವಾಗಿಯೂ ಯೋಚಿಸಿದ. "ಗೊತ್ತಿಲ್ಲಮ್ಮ. ಅಲ್ಲಿ ಕೊಟ್ಟಿದ್ದು ತಿಂತಿದ್ವಿ. ಇಷ್ಟ ಅಂತ ಯಾರೂ ಕೇಳ್ತಿರ್ಲಿಲ್ಲ." ಆಮೇಲೆ, "ಸಾಸೇಜ್ ಅಷ್ಟು ಬೇಡ," ಅಂದ.

"ಮೊದಲೇ ಹೇಳ್ಬಾರ್ದೇನೋ, ಇಷ್ಟು ತಿಂಗಳಿಂದ..." ಮಿರಾನ್ ನಗಲು ಹೋಗಿ ಫ್ರಿಜ್ಜಿನೊಳಗೆ ಮುಖ ತಿರುಗಿಸಿದಳು. ಬಹಳ ಹೊತ್ತು ಏನೋ ಹುಡುಕಿದಳು.

ಅಲ್ಲಿ ಚಳಿಗಾಲ ಮುಗಿಯುತ್ತಾ ಬರುವ ಆಗಸ್ಟಿನ ಕೊನೆಯಲ್ಲಿ ಒಂದು ಶನಿವಾರ ಬೆಳಗಿನಿಂದಲೇ ಮಂಜು ಬೆರೆತ ಮಳೆ ಹಿಡಿದಿತ್ತು. ಮಿರಾನ್ ಬಚ್ಚಲಿನ ಬಾಗಿಲಲ್ಲಿ ನಿಂತು, "ಹೋಗಿ ಕರ್ಕೊಂಡು ಬನ್ನಿ ಅವನನ್ನ. ಈ ಮಳೇಲಿ ಬಸ್ಸಿಗೆ ಕಾಯ್ತಾ ನಿಂತಿರ್ತಾನೆ," ಅಂದಳು.

"ಅವನು ಬಾ ಅಂದಿಲ್ಲ."

"ನಾನು ಹೋಗಿ ಅಂತಿದೀನಿ."

ದೊಕ್ಸು ಕೈ ತೊಳೆದುಕೊಂಡು ಹೊರಟ. ಪಾರ್ಕಿನ ಮೂಲೆಯಲ್ಲಿ ಗಾಡಿ ನಿಲ್ಲಿಸಿದಾಗ ಆಟ ಇನ್ನೂ ನಡೆಯುತ್ತಿತ್ತು. ಹಳದಿ ಅಂಗಿಯ ಹನ್ನೊಂದು ಜನ ಹುಡುಗರು ಕೆಸರಿನಲ್ಲಿ ಜಾರಿ ಬೀಳುತ್ತಿದ್ದರು. ಅವರಲ್ಲಿ ಜೆಹಾ ಇರಲಿಲ್ಲ. ಅವನು ಗೆರೆಯಾಚೆ ಬೆಂಚಿನ ಮೇಲೆ, ಯಾರದೋ ದೊಡ್ಡ ಜಾಕೆಟ್ಟಿನಲ್ಲಿ ಮುದುಡಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕಿತ್ತಳೆ ಹೆಚ್ಚುತ್ತಿದ್ದ.

ದೊಕ್ಸು ಕಾರಿನಲ್ಲಿ ಕೂತಿರಲಾರದೆ ಇಳಿದ. ಕೊಡೆ ತಂದಿರಲಿಲ್ಲ. ದೂರದಲ್ಲಿ, ಒಂದು ಓಕ್ ಮರದ ಪಕ್ಕ ನಿಂತ. ಜೆಹಾ ಒಂದು ಸಲ ತಲೆ ಎತ್ತಿ ಅವನನ್ನು ನೋಡಿದ, ಮತ್ತೆ ಕಿತ್ತಳೆಗೆ ಬಗ್ಗಿದ.

ಆಟ ಮುಗಿಯಲು ಸ್ವಲ್ಪ ಇರುವಾಗ ಆ ಹೊಸ ಹುಡುಗ ಕುಂಟುತ್ತಾ ಹೊರಗೆ ಬಂದ. ಸೆಫೊ ಕೈ ಬೀಸಿದ. ಜೆಹಾ ಜಾಕೆಟ್ ಕಳಚಿ ಆ ಹುಡುಗನ ಹೆಗಲಿಗೆ ಹಾಕಿ ಒಳಗೆ ಓಡಿದ. ಹಿಂದಿನ ಸಾಲಿನಲ್ಲಿ ನಿಂತ. ಚೆಂಡು ಬಂದಾಗ ಆಚೆ ದಾಟಿಸಿದ. ಒಂದು ಸಲ ಮುಂದೆ ಪೂರಾ ಬಯಲು ತೆರೆದಿತ್ತು. ದೊಕ್ಸುವಿನ ಬಾಯಿ ತೆರೆಯಿತು. ಜೆಹಾ ಓಡಲಿಲ್ಲ, ಪಕ್ಕದಲ್ಲಿದ್ದ ದಪ್ಪ ಹುಡುಗನಿಗೆ ಕೊಟ್ಟ. ಅವನು ಎಡವಿ ಬಿದ್ದ. ಇಬ್ಬರೂ ನಕ್ಕರು. ದೊಕ್ಸು ತೆರೆದ ಬಾಯಿಯನ್ನು ಕೈಯಿಂದ ಒರೆಸಿಕೊಂಡ. ಕೂಗಲಿಲ್ಲ.

ಸೀಟಿ ಊದಿದ ಮೇಲೆ ಜೆಹಾ ಎಲ್ಲರಿಗೂ ಕಿತ್ತಳೆ ಹಂಚಿ ಬಂದು ಕಾರಿನಲ್ಲಿ ಕೂತ. ಇಬ್ಬರ ಬಟ್ಟೆಯಿಂದಲೂ ನೀರು ಸೋರುತ್ತಿತ್ತು.

"ಹತ್ತು ನಿಮಿಷ ಆಡ್ದೆ," ಅಂದ ದೊಕ್ಸು.

"ಹೂಂ."

"ಸಾಕಾ ನಿಂಗೆ?"

ಜೆಹಾ ಗಾಜಿನ ಆವಿ ಒರೆಸಿದ. "ಸಾಕು."

ದೊಕ್ಸು ಗಾಡಿ ಶುರುಮಾಡಿದ. ಆದರೆ ಮುಂದೆ ಬಿಡಲಿಲ್ಲ. ವೈಪರು ಆಚೀಚೆ ಆಡುತ್ತಿತ್ತು.

"ನಂಗೆ ಸಾಕಾಗ್ಲಿಲ್ಲ ಕಣೋ."

ಜೆಹಾ ತಿರುಗಿ ನೋಡಿದ. ಅಪ್ಪನ ಕಿವಿಗಳು ಚಳಿಗೆ ಕೆಂಪಾಗಿದ್ದವು. ಉಗುರಿನ ಸಂದಿಯಲ್ಲಿ ಬಚ್ಚಲಿನ ಬಿಳಿ ಗಾರೆ ಇತ್ತು.

"ಗೊತ್ತು ಅಪ್ಪ," ಅಂದ.

ಗಾಡಿ ರಸ್ತೆಗಿಳಿಯಿತು. ರಿಕರ್ಟನ್ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗ ದೊಕ್ಸು ಮುಂದೆ ನೋಡುತ್ತಲೇ ಕೇಳಿದ, "ಮುಂದಿನ ವಾರ ಎಷ್ಟು ಗಂಟೆಗೆ?"

"ನೀವು ಬರೋದು ಬೇಡ ಅಪ್ಪ. ನಾನು ಬಸ್ಸಲ್ಲೇ ಬರ್ತೀನಿ."

"ಸರಿ." ಆಮೇಲೆ, "ಮಳೆ ಬಂದ್ರೆ?"

"ಮಳೆ ಬಂದ್ರೆ ಬನ್ನಿ."

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಯವನು ಹಾರನ್ ಮಾಡಿದ. ದೊಕ್ಸು ಸ್ಟಿಯರಿಂಗ್ ಮೇಲೆ ಬಗ್ಗಿ, ಗಾಜಿನಾಚೆ ಮೋಡ ಎಷ್ಟು ದೂರದವರೆಗೆ ಹಬ್ಬಿದೆಯೆಂದು ನೋಡುತ್ತಿದ್ದ.